ಮಂಗಳೂರಲ್ಲಿ ಊರಿನವರು ಉಣ್ಣುವ ಹೋಟೆಲ್ ಹುಡುಕುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಎರಡು ದಿನದ ಮಟ್ಟಿಗೆ ಮಂಗಳೂರಿಗೆ ಬಂದವರು ಊಟದ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ಫೋನಿನಲ್ಲಿ ‘ಬೆಸ್ಟ್ ಸೀಫುಡ್’ ಎಂದು ಹುಡುಕಿ, ಮೇಲೆ ಬಂದ ಮೊದಲ ಹೆಸರಿಗೆ ಆಟೋ ಹತ್ತುತ್ತಾರೆ. ತಲುಪುವಾಗ ಮಧ್ಯಾಹ್ನ 2.45 ಆಗಿರುತ್ತದೆ. ಕಾಣೆ ಮೀನು (ಲೇಡಿಫಿಶ್) ಮುಗಿದಿರುತ್ತದೆ, ಬಂಗುಡೆಯಲ್ಲಿ (ಮ್ಯಾಕೆರೆಲ್) ಸಣ್ಣವಷ್ಟೇ ಉಳಿದಿರುತ್ತವೆ. ಕೊನೆಗೆ ಅಂಜಲ್ (ಸುರಮಾಯಿ) ತುಂಡು ತಿಂದು, ದೊಡ್ಡ ಬಿಲ್ ಕೊಟ್ಟು, ‘ಇಷ್ಟೇನಾ ಮಂಗಳೂರು ಮೀನು?’ ಎನ್ನುತ್ತಾ ಹೊರಬರುತ್ತಾರೆ. ಅದೇ ಹೋಟೆಲಿಗೆ ಅದೇ ದಿನ 12.30ಕ್ಕೆ ಹೋಗಿದ್ದರೆ ಬೇರೆಯೇ ಊಟ ಸಿಗುತ್ತಿತ್ತು.

‘ಯಾವ ಹೋಟೆಲ್?’ ಎಂಬುದು ಇಲ್ಲಿ ಕೊನೆಗೆ ಕೇಳಬೇಕಾದ ಪ್ರಶ್ನೆ. ಏನು ತಿನ್ನಬೇಕು, ಈಗ ಯಾವ ತಿಂಗಳು, ಇವತ್ತು ಯಾವ ವಾರ, ಎಷ್ಟು ಗಂಟೆಗೆ ಹೊರಡುತ್ತೇವೆ ಎನ್ನುವುದು ಮೊದಲು ತೀರ್ಮಾನವಾಗಬೇಕು. ಆಮೇಲೆ ಕೈಯಲ್ಲಿ ಉಳಿಯುವುದು ಮೂರೋ ನಾಲ್ಕೋ ಹೆಸರು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಕಥೆ ಮತ್ತೆ 2.45ರ ಅಂಜಲ್‌ಗೇ ಬಂದು ನಿಲ್ಲುತ್ತದೆ.

ಬೇಕಾಗುವ ಸಾಮಾನು

ಮ್ಯಾಪ್ ಇರುವ ಫೋನ್, ಹೆಸರು ಬರೆದುಕೊಳ್ಳಲು ಒಂದು ಚೀಟಿ, ಸ್ವಲ್ಪ ಚಿಲ್ಲರೆ ನೋಟು, ಕೈ ಒರೆಸಲು ಕರ್ಚೀಫು. ಯುಪಿಐ ಬಹುತೇಕ ಕಡೆ ನಡೆಯುತ್ತದೆ. ಆದರೆ ಗಿಜಿಗುಡುವ ಹೊತ್ತಿನಲ್ಲಿ, ನೆಟ್‌ವರ್ಕ್ ಸಿಗದ ಒಳಕೋಣೆಯಲ್ಲಿ ನೋಟೇ ಬೇಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಇಲ್ಲದೆ ಹೊರಡಬೇಡಿ. ಹಳೆಯ ಪೇಟೆಯ ಒಳ್ಳೆಯ ಊಟದ ಹೋಟೆಲುಗಳು ಆಟೋ ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ಒಳಗೆ, ಗಲ್ಲಿಗಳಲ್ಲಿ ಇರುವುದೇ ಹೆಚ್ಚು.

ಹಂತ 1: ಮೊದಲು ತಿನಿಸು ಆರಿಸಿ, ಹೋಟೆಲನ್ನಲ್ಲ

‘ಮಂಗಳೂರು ಊಟ’ ಎಂಬ ಒಂದೇ ಊಟ ಇಲ್ಲ. ಇಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತಾಡುವವರ ಅಡುಗೆಮನೆಗಳೆಲ್ಲ ಬೇರೆ ಬೇರೆ. ಹೋಟೆಲುಗಳೂ ಹಾಗೆಯೇ. ಮೀನಿನ ಊಟಕ್ಕೆ ಜನ ಮುಗಿಬೀಳುವ ಜಾಗದಲ್ಲಿ ಕೋರಿ ರೊಟ್ಟಿ (ಕೋಳಿ ಗಸಿಯಲ್ಲಿ ನೆನೆಸಿ ತಿನ್ನುವ ಗರಿಗರಿ ಅಕ್ಕಿ ರೊಟ್ಟಿ) ಕೇಳಿದರೆ ಸಿಗಬಹುದು, ಆದರೆ ಅದು ಅವರ ಕೈಹಿಡಿತದ ಅಡುಗೆ ಆಗಿರಲಿಕ್ಕಿಲ್ಲ. ಎಲ್ಲವನ್ನೂ ಒಂದೇ ಮೇಜಿನಲ್ಲಿ ಮುಗಿಸಲು ಹೋಗುವುದೇ ಬಂದವರು ಮಾಡುವ ಮೊದಲ ತಪ್ಪು.

ಹೊತ್ತಿಗೊಂದು ತಿನಿಸು ಎಂದು ಇಟ್ಟುಕೊಳ್ಳಿ. ಬೆಳಿಗ್ಗೆ 7ರಿಂದ 9.30ರ ಒಳಗೆ ಬನ್ಸ್, ಸಜ್ಜಿಗೆ-ಬಜಿಲ್ (ಉಪ್ಪಿಟ್ಟು, ಅವಲಕ್ಕಿ), ಎಲೆಯಲ್ಲಿ ಬೇಯಿಸಿದ ಮೂಡೆ, ಕೊಟ್ಟೆ ಕಡುಬು. ಮಧ್ಯಾಹ್ನ ಮೀನಿನ ಊಟ. ಸಂಜೆ 4ರಿಂದ 6ರ ನಡುವೆ ಗೋಳಿಬಜೆ, ಚಾ. ರಾತ್ರಿಗೆ ಕೋರಿ ರೊಟ್ಟಿ, ನೀರ್‌ದೋಸೆ ಜತೆ ಕೋಳಿ ಗಸಿ (ತೆಂಗಿನಕಾಯಿ ಮಸಾಲೆಯ ದಪ್ಪ ಸಾರು), ಅಥವಾ ತುಪ್ಪದಲ್ಲಿ ಹುರಿದ ಘೀ ರೋಸ್ಟ್. ಇದು ಶಿಸ್ತಿಗಾಗಿ ಹೇಳುವ ಮಾತಲ್ಲ, ತಿನಿಸಿನ ಗುಣವೇ ಹಾಗೆ. ಬನ್ಸ್‌ನ ಹಿಟ್ಟನ್ನು ಬಾಳೆಹಣ್ಣು ಹಾಕಿ ಕಲಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಕರಿಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದು ಚರ್ಮದಂತೆ ಎಳೆದುಕೊಳ್ಳುತ್ತದೆ. ಗೋಳಿಬಜೆಯನ್ನು ಬಾಣಲೆಯಿಂದ ತೆಗೆದು ಹತ್ತು ನಿಮಿಷದೊಳಗೆ ತಿಂದರೆ ಒಳಗೆ ಸ್ಪಂಜಿನ ಹಾಗಿರುತ್ತದೆ, ತಣಿದರೆ ಬರೀ ಮೈದಾ ಉಂಡೆ.

ಬಡಾವಣೆಯೂ ಸ್ವಲ್ಪ ದಾರಿ ತೋರಿಸುತ್ತದೆ. ವೆಂಕಟರಮಣ ದೇವಸ್ಥಾನದ ಸುತ್ತಿನ ರಥಬೀದಿ, ಅಂದರೆ ಕಾರ್‌ಸ್ಟ್ರೀಟ್ ಕಡೆ ಗೌಡ ಸಾರಸ್ವತರ ಕೊಂಕಣಿ ರುಚಿ: ದಾಳಿತೋವೆ (ಬೇಳೆ ಸಾರು), ಪತ್ರೊಡೆ (ಕೆಸುವಿನ ಎಲೆಯ ತಿನಿಸು), ಬಿಸ್ಕುಟ್ ಅಂಬಡೆ (ಉದ್ದಿನ ಬೋಂಡಾ). ಬಂದರು ಮತ್ತು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಆಸುಪಾಸಿನಲ್ಲಿ ಮೀನಿನ ಊಟ, ಬ್ಯಾರಿ ಮುಸ್ಲಿಮರ ಬಿರಿಯಾನಿ. ಕಂಕನಾಡಿ, ಫಳ್ನೀರು, ಬಿಜೈ, ಕುಲಶೇಖರ ಕಡೆ ಕ್ರೈಸ್ತರ ಮನೆಗಳು ಹೆಚ್ಚು. ಹಂದಿಮಾಂಸದ ಖಾರದ ಸಾರು ಬಾಫತ್, ಇಡ್ಲಿಯಂಥ ಸನ್ನ ಬೇಕಿದ್ದರೆ ಅಲ್ಲಿಂದ ಹುಡುಕಾಟ ಶುರುಮಾಡಿ. ಬಾಫತ್ ಎಲ್ಲ ಹೋಟೆಲಲ್ಲಿ ಇರುವುದಿಲ್ಲ, ಇರುವ ಕಡೆಯೂ ಎಲ್ಲ ದಿನ ಮಾಡುವುದಿಲ್ಲ. ಹಿಂದಿನ ದಿನವೇ ಫೋನ್ ಮಾಡಿ ಕೇಳುವುದು ಒಳಿತು.

ಹಂತ 2: ತಿಂಗಳು ಮತ್ತು ವಾರ ನೋಡಿ

ಹೆಚ್ಚಿನ ಜನ ಬಿಟ್ಟುಬಿಡುವ ಹಂತ ಇದು. ಬಂದವರ ಊಟ ಹೆಚ್ಚಾಗಿ ಕೆಡುವುದೂ ಇಲ್ಲೇ.

ಪಶ್ಚಿಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನುಗಳು ಮೊಟ್ಟೆಯಿಡುವ ಕಾಲ ಎಂಬುದು ಕಾರಣ. ಆ ಎರಡು ತಿಂಗಳು ಊರಿನ ತಾಜಾ ಮೀನು ಎಂದರೆ ನಾಡದೋಣಿಯವರು ದಡದ ಹತ್ತಿರ, ಹೊಳೆಬಾಯಲ್ಲಿ ಹಿಡಿದದ್ದು ಮಾತ್ರ. ಸಮುದ್ರ ಎದ್ದಿದ್ದರೆ ಅದೂ ಇಲ್ಲ. ಮೆನುವಿನಲ್ಲಿ ಅಂಜಲ್, ಮಾಂಜಿ (ಪಾಂಫ್ರೆಟ್) ಆಗಲೂ ಕಾಣಿಸುತ್ತವೆ. ಅವು ಐಸಿನಲ್ಲಿ ಇಟ್ಟದ್ದು ಅಥವಾ ಬೇರೆ ಕರಾವಳಿಯಿಂದ ಲಾರಿಯಲ್ಲಿ ಬಂದದ್ದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಲ್ಲಿ ದೋಣಿ ಇಳಿದ ಮೇಲೆ ಆ ಕಡೆಯ ಮೀನು ಇಲ್ಲಿಗೂ ಬರುತ್ತದೆ. ತಿನ್ನಬಾರದು ಎಂದೇನಿಲ್ಲ. ಆದರೆ ‘ಈಗಷ್ಟೇ ದಕ್ಕೆಯಿಂದ (ಮೀನುದೋಣಿ ನಿಲ್ಲುವ ಜಾಗ) ತಂದದ್ದು’ ಎಂಬ ಮಾತನ್ನು ಜುಲೈಯಲ್ಲಿ ನಂಬಬೇಡಿ.

ಮಳೆಗಾಲಕ್ಕೇ ಬಂದಿದ್ದರೆ ದಾರಿ ಬದಲಿಸಿ. ಆಟಿ ತಿಂಗಳು, ಅಂದರೆ ಸುಮಾರು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಕೆಸುವಿನ ಎಲೆಯ ಪತ್ರೊಡೆ, ಕಣಿಲೆ (ಎಳೆ ಬಿದಿರು) ಪಲ್ಯಗಳ ಕಾಲ. ಈ ಕಾಲದಲ್ಲಿ ಕೊಂಕಣಿ, ತುಳು ಸಸ್ಯಾಹಾರದ ಹೋಟೆಲುಗಳಲ್ಲಿ ಸಿಗುವುದು ವರ್ಷದ ಬೇರೆ ಹೊತ್ತಿನಲ್ಲಿ ಅಷ್ಟಾಗಿ ಸಿಗುವುದಿಲ್ಲ. ಜುಲೈಯಲ್ಲಿ ಬಂದು ಅಂಜಲ್ ಫ್ರೈಗೆ ಹಟ ಹಿಡಿಯುವವರು ಪತ್ರೊಡೆ ತಿನ್ನದೆ ಹೋಗುವುದು ನಿಜಕ್ಕೂ ಬೇಸರದ ಸಂಗತಿ.

ಇನ್ನು ವಾರ. ಸೋಮವಾರ, ಗುರುವಾರ, ಶನಿವಾರ, ಸಂಕ್ರಮಣ, ಹಬ್ಬಗಳಂದು ಮೀನು-ಮಾಂಸ ಬಿಡುವ ಮನೆಗಳು ಇಲ್ಲಿ ಸಾಕಷ್ಟಿವೆ. ಆಟಿ ಮುಗಿದು ಬರುವ ಸೋಣ ತಿಂಗಳಿಡೀ ಬಿಡುವವರೂ ಇದ್ದಾರೆ. ಆ ದಿನಗಳಲ್ಲಿ ಮೀನಿನ ಹೋಟೆಲ್ ಖಾಲಿ ಕಂಡರೆ ಅದು ಕೆಟ್ಟ ಹೋಟೆಲ್ ಎಂದು ಅರ್ಥವಲ್ಲ, ಜನ ನೋಡಿ ಅಳೆಯುವ ಲೆಕ್ಕ ಆ ದಿನ ನಡೆಯುವುದಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬಂದರು ಕಡೆಯ ಕೆಲವು ಹೋಟೆಲ್ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತವೆ. ರಂಜಾನಿನಲ್ಲಿ ಹಗಲು ಮುಚ್ಚಿ ಸಂಜೆ ತೆರೆಯುತ್ತವೆ. ಭಾನುವಾರ ಎರಡು ತೊಂದರೆ: ಕಚೇರಿ ಜನರನ್ನೇ ನೆಚ್ಚಿದ ಹೋಟೆಲ್ ಮುಚ್ಚಿರಬಹುದು, ಹೆಸರಾದ ಹೋಟೆಲಲ್ಲಿ ಸಾಲು ಉದ್ದ. ಮೀನಿನ ಊಟಕ್ಕೆ ಮಂಗಳವಾರ, ಬುಧವಾರ, (ಬಂದರು ಕಡೆ ನಮಾಜಿನ ಹೊತ್ತು ಬಿಟ್ಟು) ಶುಕ್ರವಾರಗಳೇ ಅನುಕೂಲ.

ಹಂತ 3: ಮ್ಯಾಪ್‌ನಲ್ಲಿ ಜರಡಿ ಹಿಡಿಯಿರಿ

ಹಿಂದಿನ ರಾತ್ರಿ ಅರ್ಧ ಗಂಟೆ ಇದಕ್ಕೆ ಕೊಡಿ. ‘ರೆಸ್ಟೋರೆಂಟ್’ ಎಂದು ಹುಡುಕಬೇಡಿ. ‘ಲಂಚ್ ಹೋಮ್’, ‘ಊಟದ ಹೋಟೆಲ್’, ‘ಮೀನಿನ ಊಟ’, ‘ಕ್ಯಾಂಟೀನ್’ ಎಂಬ ಪದಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿ ನೋಡಿ, ಫಲಿತಾಂಶ ಬೇರೆ ಬೇರೆ ಬರುತ್ತದೆ. ಇರುವ ಜಾಗದಿಂದ 2-3 ಕಿಲೋಮೀಟರ್ ಒಳಗೆ ಎಂಟು ಹತ್ತು ಹೆಸರು ಸಾಕು.

ಆಮೇಲೆ ಅಂಕಿ ಬಿಟ್ಟು ಅಭಿಪ್ರಾಯ ಓದಿ. ‘ಹೊಸದು ಮೊದಲು’ ಎಂದು ಜೋಡಿಸಿ ಕೊನೆಯ ಮೂರು ತಿಂಗಳದ್ದನ್ನು ಮಾತ್ರ ನೋಡಿ, ಅಡುಗೆಯವರು ಬದಲಾದರೆ ಎರಡು ವರ್ಷದ ಹಿಂದಿನ ಹೊಗಳಿಕೆ ಉಪಯೋಗಕ್ಕೆ ಬಾರದು. ಬರೆದವರ ಹೆಸರು ಒತ್ತಿ ಅವರು ಬೇರೆ ಎಲ್ಲೆಲ್ಲಿ ಬರೆದಿದ್ದಾರೆ ನೋಡಿ. ಮಂಗಳೂರಿನದೇ ಬೈಕ್ ಸರ್ವಿಸ್, ಕ್ಲಿನಿಕ್, ಜೆರಾಕ್ಸ್ ಅಂಗಡಿ, ಶಾಲೆಗೆ ಅಭಿಪ್ರಾಯ ಬರೆದಿದ್ದರೆ ಅವರು ಇಲ್ಲಿ ವಾಸ ಇರುವವರು. ಪಣಂಬೂರು ಬೀಚ್, ಗೋವಾ, ಊಟಿ ಎಂದು ಸಾಲಾಗಿ ಇದ್ದರೆ ಪ್ರವಾಸಿಗರು. ಇಂಥ ಊರವರು ಮೂರು ಜನ ಸಿಕ್ಕರೆ ಆ ಹೆಸರನ್ನು ಚೀಟಿಗೆ ಬರೆಯಿರಿ.

ಫೋಟೋದಲ್ಲಿ ನೋಡಬೇಕಾದದ್ದು ಅನ್ನ. ದಪ್ಪ, ಕೆಂಪು ಗೆರೆಯ ಕುಚ್ಚಲಕ್ಕಿ ತಟ್ಟೆಯಲ್ಲಿ ಕಂಡರೆ ಅಲ್ಲಿ ದಿನವೂ ಊರವರು ಉಣ್ಣುತ್ತಾರೆ. ಬರೀ ಫ್ರೈಡ್ ರೈಸ್, ಮಂಚೂರಿ ಚಿತ್ರಗಳೇ ಇದ್ದರೆ ಅದು ಬೇರೆ ಗಿರಾಕಿಗಳ ಜಾಗ. ಅಭಿಪ್ರಾಯಗಳೊಳಗೆ ‘ಗಸಿ’, ‘ಪುಳಿಮುಂಚಿ’, ‘ಬೂತಾಯಿ’, ‘ಮರುವಾಯಿ’ (ಚಿಪ್ಪುಮೀನು) ಎಂದು ಹುಡುಕಿ. ಬೂತಾಯಿ ಅಗ್ಗದ, ಮುಳ್ಳಿನ, ಮನೆಮಂದಿಯ ಮೀನು. ಹೊರಗಿನವರಿಗಾಗಿಯೇ ನಡೆಸುವ ಹೋಟೆಲ್ ಅದನ್ನು ಇಡುವುದು ಕಡಿಮೆ.

ಮ್ಯಾಪ್‌ನಲ್ಲಿ ತೋರಿಸುವ ಸಮಯವನ್ನು ಮಾತ್ರ ನಂಬಬೇಡಿ. ‘ರಾತ್ರಿ 10ರವರೆಗೆ’ ಎಂದಿದ್ದರೂ ಊಟದ ಹೋಟೆಲ್ 3.30ಕ್ಕೆ ಬಾಗಿಲು ಎಳೆದಿರಬಹುದು. ಬೆಳಿಗ್ಗೆ 10.30ಕ್ಕೆ ಒಂದು ಫೋನ್ ಮಾಡಿ.

ಮನೆಗೆ ತಂದುಕೊಡುವ ಆ್ಯಪ್‌ಗಳ ಪಟ್ಟಿಯಿಂದ ಹೋಟೆಲ್ ಆರಿಸುವುದು ಇನ್ನೊಂದು ಸಾಮಾನ್ಯ ತಪ್ಪು. ರವಾ ಫ್ರೈ ಡಬ್ಬದಲ್ಲಿ ಬೆವರಿ ಮೆತ್ತಗಾಗುತ್ತದೆ, ನೀರ್‌ದೋಸೆ ಒಂದಕ್ಕೊಂದು ಅಂಟುತ್ತದೆ, ಕೋರಿ ರೊಟ್ಟಿ ಗರಿಗರಿ ಕಳೆದುಕೊಳ್ಳುತ್ತದೆ. ಹೆಚ್ಚು ಹೆಸರಾದ ಸಣ್ಣ ಹೋಟೆಲುಗಳಿಗೆ ಆ ಆ್ಯಪ್‌ಗಳ ಅಗತ್ಯವೂ ಇರುವುದಿಲ್ಲ.

ಹಂತ 4: ಸರಿಯಾದವರನ್ನು ಸರಿಯಾದ ಪ್ರಶ್ನೆ ಕೇಳಿ

‘ಇಲ್ಲಿ ಒಳ್ಳೆಯ ಹೋಟೆಲ್ ಯಾವುದು?’ ಎಂದರೆ ಯಾರೇ ಆದರೂ ಎ.ಸಿ. ಇರುವ, ದೊಡ್ಡ ಬೋರ್ಡಿನ, ಕುಟುಂಬ ಸಮೇತ ಹೋಗುವ ಹೆಸರನ್ನೇ ಹೇಳುತ್ತಾರೆ. ಮೋಸ ಅಲ್ಲ, ಮರ್ಯಾದೆ. ಪರವೂರಿನವರನ್ನು ಗೂಡಿನಂಥ ಹೋಟೆಲಿಗೆ ಕಳಿಸಲು ಮನಸ್ಸು ಬರುವುದಿಲ್ಲ. ಪ್ರಶ್ನೆ ಬದಲಿಸಿ: ‘ಅಣ್ಣ, ನಿನ್ನೆ ಮಧ್ಯಾಹ್ನ ನೀವು ಊಟ ಎಲ್ಲಿ ಮಾಡಿದ್ದು?’ ನಿನ್ನೆಯ ಊಟಕ್ಕೆ ಉತ್ತರ ಒಂದೇ ಇರುತ್ತದೆ. ಮನೆಯಲ್ಲಿ ಎಂದರೆ, ‘ಮನೆಯಿಂದ ಬುತ್ತಿ ತಾರದ ದಿನ ಎಲ್ಲಿ?’ ಎಂದು ಕೇಳಿ. ಹೆಸರಿನ ಜೊತೆ ತಿನಿಸನ್ನೂ ಕೇಳಿ: ‘ಅಲ್ಲಿ ಬಂಗುಡೆ ಒಳ್ಳೆಯದುಂಟಾ, ಕೋಳಿ ಒಳ್ಳೆಯದುಂಟಾ?’

ತುಳುವಿನಲ್ಲಿ ಎರಡು ವಾಕ್ಯ ಕಲಿತರೆ ಮಾತು ಬೇಗ ಹತ್ತಿರವಾಗುತ್ತದೆ. ‘ಈರ್ ಓಲು ಒಣಸ್ ಮಲ್ಪುನಿ?’ ಅಂದರೆ ನೀವು ಎಲ್ಲಿ ಊಟ ಮಾಡುವುದು. ‘ಇನಿ ವಾ ಮೀನ್ ಉಂಡು?’ ಅಂದರೆ ಇವತ್ತು ಯಾವ ಮೀನು ಇದೆ. ಕನ್ನಡದಲ್ಲಿ ಕೇಳಿದರೂ ಎಲ್ಲರೂ ಉತ್ತರ ಕೊಡುತ್ತಾರೆ, ಬಹುವಚನ ಬಿಡಬೇಡಿ, ಅಷ್ಟೆ. ಗಟ್ಟದ ಮೇಲಿನ ಸಲುಗೆಯ ಏಕವಚನ ಇಲ್ಲಿ ಒರಟಾಗಿ ಕೇಳಿಸುತ್ತದೆ.

ಯಾರನ್ನು ಕೇಳಬೇಕು? ಆಟೋ ಸ್ಟ್ಯಾಂಡಿನಲ್ಲಿ ನಿಂತಿರುವ ಚಾಲಕರನ್ನು, ಓಡುತ್ತಿರುವ ಆಟೋದಲ್ಲಿ ಅಲ್ಲ. ನಾಲ್ಕು ಜನ ಒಟ್ಟಿಗೆ ಇದ್ದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ನಿಮಗೆ ಬೇಕಾದ್ದು ಆ ತಿದ್ದುಪಡಿ. ಮೆಡಿಕಲ್ ಅಂಗಡಿಯವರು, ಬ್ಯಾಂಕ್ ಮತ್ತು ಕೋರ್ಟಿನ ಗುಮಾಸ್ತರು, ಬಸ್ ಕಂಡಕ್ಟರುಗಳು ದಿನವೂ ಹೊರಗೆ ಉಣ್ಣುವವರು. ಆಸ್ಪತ್ರೆ ಎದುರಿನ ಅಂಗಡಿಯವರಿಗಂತೂ ಅಗ್ಗದ, ಹೊಟ್ಟೆ ಕೆಡಿಸದ ಊಟ ಎಲ್ಲಿದೆ ಎಂದು ಸರಿಯಾಗಿ ಗೊತ್ತು. ಬೆಳಿಗ್ಗೆ ಮೀನು ಮಾರ್ಕೆಟಿಗೆ ಹೋದರೆ ಮೀನು ಮಾರುವ ಅಕ್ಕಂದಿರಲ್ಲಿ ‘ಅಕ್ಕಾ, ಇವತ್ತು ಯಾವ ಮೀನು ಚೆನ್ನಾಗಿ ಬಂದಿದೆ?’ ಎಂದಷ್ಟೇ ಕೇಳಿ. ಹೋಟೆಲ್ ಹೆಸರು ಅವರಿಂದ ಸಿಗಬೇಕೆಂದಿಲ್ಲ, ಮಧ್ಯಾಹ್ನ ಏನು ಆರ್ಡರ್ ಮಾಡಬೇಕೆಂಬುದು ಸಿಗುತ್ತದೆ.

ಒಂದೇ ಜಾಗದ ಮೂವರನ್ನು ಕೇಳಿದರೆ ಅದು ಒಂದೇ ಉತ್ತರಕ್ಕೆ ಸಮ. ಬೇರೆ ಬೇರೆ ಕೆಲಸದ, ಬೇರೆ ಬೇರೆ ಜಾಗದ ಮೂವರನ್ನು ಕೇಳಿ. ಎರಡು ಸಲ ಬಂದ ಹೆಸರು ನಿಮ್ಮ ಚೀಟಿಯಲ್ಲೂ ಇದ್ದರೆ ಹುಡುಕಾಟ ಅಲ್ಲಿಗೆ ಸಾಕು.

ಹೆಸರಾದ ಹೋಟೆಲುಗಳನ್ನು ಏನು ಮಾಡುವುದು?

ಬಂದರಿನ ನಾರಾಯಣ, ಕಾರ್‌ಸ್ಟ್ರೀಟ್ ಬಳಿಯ ಗಿರಿ ಮಂಜಾಸ್, ಮಚಲಿ ಇವುಗಳ ಹೆಸರು ಎಲ್ಲ ಪಟ್ಟಿಗಳಲ್ಲೂ ಬರುತ್ತದೆ. ಊರವರೂ ಅಲ್ಲಿಗೆ ಹೋಗುತ್ತಾರೆ, ಹಾಗಾಗಿ ‘ಪ್ರವಾಸಿಗರ ಜಾಗ’ ಎಂದು ತಳ್ಳಿಹಾಕಬೇಡಿ. ಹೋಗುವುದಾದರೆ 12.15ಕ್ಕೆ ಬಾಗಿಲಲ್ಲಿರಿ. 1.30ರ ಮೇಲೆ ಕಾಯುವುದೇ ಅರ್ಧ ದಿನ ತಿನ್ನುತ್ತದೆ. ಘೀ ರೋಸ್ಟ್‌ನ ಮೂಲ ಊರು ಕುಂದಾಪುರ, ಮಂಗಳೂರಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್. ಅಲ್ಲಿನ ಶೆಟ್ಟಿ ಲಂಚ್ ಹೋಮ್‌ಗೆಂದೇ ಹೋಗಬೇಕೆಂದಿದ್ದರೆ ಅದನ್ನು ಉಡುಪಿ ಕಡೆಯ ತಿರುಗಾಟದ ದಿನಕ್ಕೆ ಸೇರಿಸಿ. ಗಡ್‌ಬಡ್ ಐಸ್‌ಕ್ರೀಂಗೆ ಇಷ್ಟೆಲ್ಲ ಹುಡುಕಾಟ ಬೇಡ. ಊರವರೂ ಹೊರಗಿನವರೂ ಹೋಗುವುದು ಐಡಿಯಲ್ ಅಥವಾ ಅವರದೇ ಪಬ್ಬಾಸ್‌ಗೆ.

ಹಂತ 5: ಬಾಗಿಲಲ್ಲಿ ಎರಡು ನಿಮಿಷ ನಿಲ್ಲಿ

ಒಳಗೆ ಹೋಗಿ ಕುಳಿತ ಮೇಲೆ ಎದ್ದು ಬರಲು ಮುಜುಗರ. ಹಾಗಾಗಿ ನೋಡುವುದನ್ನು ಹೊರಗಿಂದಲೇ ಮುಗಿಸಿ.

ಮೊದಲು ಮೂಗು. ಕಾಯುತ್ತಿರುವ ತೆಂಗಿನೆಣ್ಣೆ, ಮಸಾಲೆಯ ವಾಸನೆ ಬರಬೇಕು. ಘಾಟು, ಸುಟ್ಟ ಎಣ್ಣೆಯ ಕಹಿ ಅಥವಾ ಮೂತ್ರದಂಥ ಚುರುಕು ವಾಸನೆ ಬಂದರೆ ತಿರುಗಿ ನಡೆಯಿರಿ, ಮೂತ್ರದಂಥದ್ದು ಹಳಸಿದ ಮೀನಿನ ಅಮೋನಿಯಾ. ತಾಜಾ ಮೀನು ಹುರಿಯುವ ಜಾಗದಲ್ಲಿ ಮೀನಿನ ವಾಸನೆ ಇದ್ದರೂ ಅದು ಮೂಗಿಗೆ ಚುಚ್ಚುವುದಿಲ್ಲ.

ಆಮೇಲೆ ಮೇಜುಗಳು. ಒಬ್ಬೊಬ್ಬರೇ ಕುಳಿತು, ಮೆನು ನೋಡದೆ ಆರ್ಡರ್ ಹೇಳಿ, ಹದಿನೈದು ನಿಮಿಷದಲ್ಲಿ ಎದ್ದು ಹೋಗುವವರು ಎಷ್ಟು ಜನ? ಅವರೇ ದಿನದ ಗಿರಾಕಿಗಳು. ಪರಿಚಯ ಇಲ್ಲದವರು ಒಂದೇ ಮೇಜಿನಲ್ಲಿ ಎದುರುಬದುರು ಕೂತಿದ್ದರೆ ಇನ್ನೂ ಒಳ್ಳೆಯ ಗುರುತು. ನೀವೂ ಹಾಗೆ ಕೂರಲು ಸಿದ್ಧರಿರಬೇಕು. ನಾಲ್ಕು ಜನಕ್ಕೆ ಒಟ್ಟಿಗೆ ಜಾಗ ಕಾಯುತ್ತಾ ನಿಂತರೆ ಬಂಗುಡೆ ಕಾಯುವುದಿಲ್ಲ.

ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಆ ದಿನದ ಮೀನು ಬರೆದಿದ್ದರೆ, ಅದರಲ್ಲಿ ಒಂದೆರಡು ಹೊಡೆದುಹಾಕಿದ್ದರೆ ಒಳಗೆ ಹೋಗಬಹುದು, ತಂದದ್ದು ಅಲ್ಲಿ ಮುಗಿಯುತ್ತದೆ ಎಂದರ್ಥ. ನೂರೈವತ್ತು ತಿನಿಸಿನ, ಹೊಳೆಯುವ ಚಿತ್ರಗಳ ಮೆನುವಿನಲ್ಲಿ ವರ್ಷವಿಡೀ ಎಲ್ಲ ಮೀನೂ ‘ಇದೆ’ ಎಂದರೆ ಫ್ರೀಜರ್ ದೊಡ್ಡದಿದೆ ಎಂದರ್ಥ. ಕ್ಯಾಶ್ ಕೌಂಟರಿನ ಹಿಂದೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ತೂಗುಹಾಕಿರಬೇಕು. ಅದಿದ್ದರೆ ರುಚಿ ಇದೆ ಎಂದಲ್ಲ, ಕನಿಷ್ಠ ಲೆಕ್ಕದಲ್ಲಿರುವ ಅಡುಗೆಮನೆ.

ಗೋಡೆಯ ಬಣ್ಣ, ಕುರ್ಚಿಯ ಅಂದ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಕೈ ತೊಳೆಯುವ ಜಾಗ, ಕುಡಿಯುವ ನೀರು ಮಾತ್ರ ನೋಡಿ. ಮಳೆಗಾಲದಲ್ಲಿ ಬಿಸಿನೀರು ಕೊಡುವ ಹೋಟೆಲುಗಳಿವೆ, ಕೇಳಿ ಪಡೆಯಿರಿ.

ಹಂತ 6: ಆರ್ಡರ್ ಹೇಳುವ ಕ್ರಮ

ಮೊದಲ ಪ್ರಶ್ನೆ ಅನ್ನದ್ದು: ‘ಕುಚ್ಚಲಕ್ಕಿ ಉಂಟಾ, ಬೆಳ್ತಿಗೆ (ಬಿಳಿ ಅಕ್ಕಿ) ಮಾತ್ರವಾ?’ ಮೀನಿನ ಸಾರು ಕುಚ್ಚಲಕ್ಕಿಗೆಂದೇ ಮಾಡಿದ್ದು. ಬೆಳ್ತಿಗೆ ಅನ್ನದಲ್ಲಿ ಅದು ತಳಕ್ಕೆ ಇಳಿದುಬಿಡುತ್ತದೆ. ಕುಚ್ಚಲಕ್ಕಿ ರೂಢಿ ಇಲ್ಲದವರು ಸ್ವಲ್ಪವೇ ಹಾಕಿಸಿಕೊಳ್ಳಿ, ಬೇಗ ಹೊಟ್ಟೆ ತುಂಬುತ್ತದೆ.

ಮೀನಿನ ಊಟ ಎಂದರೆ ಸಾಮಾನ್ಯವಾಗಿ ಅನ್ನ, ಮೀನಿನ ಸಾರು ಅಥವಾ ಗಸಿ, ಒಂದು ಪಲ್ಯ, ಉಪ್ಪಿನಕಾಯಿ. ಹುರಿದ ಮೀನು ಬೇರೆ ಲೆಕ್ಕ. ಇಲ್ಲಿಯೇ ಬಿಲ್ ಏರುವುದು. ಮೆನುವಿನಲ್ಲಿ ಬೆಲೆ ಇರಬೇಕಾದ ಕಡೆ ‘ಎ.ಪಿ.ಎಸ್.’ ಎಂದಿದ್ದರೆ ‘ಆ್ಯಸ್ ಪರ್ ಸೈಜ್’, ಗಾತ್ರ ನೋಡಿ ದರ. ಕೆಲವು ಕಡೆ ಮಸಾಲೆ ಹಚ್ಚಿದ ಅಥವಾ ಹುರಿದ ಮೀನುಗಳನ್ನು ದೊಡ್ಡ ತಟ್ಟೆಯಲ್ಲಿ ಮೇಜಿಗೇ ತರುತ್ತಾರೆ. ಬೆರಳು ತೋರಿಸುವ ಮೊದಲು ‘ಇದು ಎಷ್ಟು?’ ಎಂದು ಪ್ರತಿಯೊಂದಕ್ಕೂ ಕೇಳಿ. ಕೇಳುವುದು ಇಲ್ಲಿ ಅವಮಾನ ಅಲ್ಲ, ಊರವರೂ ಕೇಳುತ್ತಾರೆ. ಅಂಜಲ್, ಮಾಂಜಿ ದುಬಾರಿ. ಬಂಗುಡೆ, ಬೂತಾಯಿ, ನಂಗ್ ಅಗ್ಗ. ಕಾಣೆ ನಡುವೆ ಇದ್ದು ಗಾತ್ರಕ್ಕೆ ತಕ್ಕಂತೆ ಮೇಲೇರುತ್ತದೆ.

ಯಾವ ಮೀನಿಗೆ ಯಾವ ಅಡುಗೆ ಎಂಬುದು ಗೊತ್ತಿದ್ದರೆ ಅರ್ಧ ಗೆದ್ದಂತೆ. ಕಾಣೆ ತೆಳು, ಬಿಳಿ, ನಯವಾದ ಮಾಂಸ. ರವಾ ಫ್ರೈ ಅದಕ್ಕೆ ಹೊಂದುತ್ತದೆ, ಗಸಿಯಲ್ಲಿ ಕಳೆದುಹೋಗುತ್ತದೆ. ಬಂಗುಡೆಗೆ ತನ್ನದೇ ಜಿಡ್ಡು, ತನ್ನದೇ ಗಟ್ಟಿ ರುಚಿ. ಹುಳಿ ಖಾರದ ಪುಳಿಮುಂಚಿ ಅದನ್ನು ತಡೆದುಕೊಳ್ಳುತ್ತದೆ. ಬೂತಾಯಿಯೂ ಹಾಗೆಯೇ. ಅಂಜಲ್‌ಗೆ ಕಾವಲಿಯ ಮೇಲಿನ ತವಾ ಫ್ರೈ. ‘ನೇಕೆಡ್ ಫ್ರೈ’ ಎಂದರೆ ರವೆ, ಹಿಟ್ಟು ಏನೂ ಇಲ್ಲದೆ ಬರೀ ಮಸಾಲೆಯಲ್ಲಿ ಹುರಿದದ್ದು. ಮೀನಿನ ತಾಜಾತನ ಮುಚ್ಚಿಡಲಾಗದ ಅಡುಗೆ ಇದು, ಹೊಸ ಹೋಟೆಲನ್ನು ಪರೀಕ್ಷಿಸಲು ಇದನ್ನೇ ಹೇಳಿ. ಮೊದಲ ಸಲಕ್ಕೆ ಇಬ್ಬರಿಗೆ ಎರಡು ಊಟ, ಒಂದು ಬಂಗುಡೆ ಪುಳಿಮುಂಚಿ, ಒಂದು ಕಾಣೆ ರವಾ ಫ್ರೈ ಸಾಕು. ಒಳ್ಳೆಯದಿದ್ದರೆ ಮತ್ತೆ ಹೇಳಿ. ಎಲ್ಲವನ್ನೂ ಮೊದಲೇ ಹೇಳಿದರೆ ಕೊನೆಯದು ಆರಿ ತಣ್ಣಗಾಗಿರುತ್ತದೆ.

‘ಬೋನ್‌ಲೆಸ್ ಫಿಶ್’ ಎಂದಷ್ಟೇ ಬರೆದಿದ್ದರೆ ಯಾವ ಮೀನು ಎಂದು ಕೇಳಿ. ಹೆಸರು ಹೇಳಲು ತಡವರಿಸಿದರೆ ಅದು ಕೆರೆಯಲ್ಲಿ ಸಾಕಿದ ಬಾಸಾ ಇರಬಹುದು. ತಿಂದರೆ ಕೆಡುಕಿಲ್ಲ, ಆದರೆ ಅದಕ್ಕಾಗಿ ಕಡಲ ಊರಿಗೆ ಬರಬೇಕಿರಲಿಲ್ಲ.

ಕೋರಿ ರೊಟ್ಟಿಯಲ್ಲಿ ಬಂದವರು ಮಾಡುವ ತಪ್ಪು: ಎಲ್ಲ ರೊಟ್ಟಿ ಮುರಿದು, ಗಸಿ ಪೂರ್ತಿ ಸುರಿದು, ಆಮೇಲೆ ಫೋಟೋ ತೆಗೆಯುತ್ತಾ ಕೂರುವುದು. ಮೂರು ನಿಮಿಷದಲ್ಲಿ ಗಂಜಿ ಆಗುತ್ತದೆ. ಒಂದೆರಡು ರೊಟ್ಟಿ ಮುರಿದು, ನೆನೆಯುವಷ್ಟೇ ಗಸಿ ಹಾಕಿ, ಅರ್ಧ ಗರಿಗರಿ ಇರುವಾಗಲೇ ತಿನ್ನಿ. ಗಸಿ ಮುಗಿದರೆ ಕೇಳಿ ಹಾಕಿಸಿಕೊಳ್ಳಿ.

ಹಂತ 7: ಮೊದಲ ತುತ್ತಿನಲ್ಲೇ ಗೊತ್ತಾಗುವ ಅಪಾಯ

ತಾಜಾ ಮೀನಿನ ಮಾಂಸ ಬೆರಳಲ್ಲಿ ಒತ್ತಿದರೆ ಪದರ ಪದರವಾಗಿ ಮುಳ್ಳಿನಿಂದ ಬಿಡುತ್ತದೆ, ಒಳಗೆ ತೇವ ಇರುತ್ತದೆ. ನಾರುನಾರಾಗಿ ಒಣಗಿದ್ದರೆ ಬಹಳ ದಿನ ಫ್ರೀಜರಿನಲ್ಲಿದ್ದದ್ದು. ಹಿಟ್ಟಿನ ಹಾಗೆ ಮೆತ್ತಗೆ ಕರಗಿದರೆ ಹಾಳಾಗುತ್ತಾ ಬಂದದ್ದು. ಒಣಗಿದ್ದಕ್ಕೆ ಬೇಸರ ಸಾಕು, ಮೆತ್ತಗಾದದ್ದನ್ನು ಬಿಟ್ಟುಬಿಡಿ.

ಬಂಗುಡೆ, ಬೂತಾಯಿಯಂಥ ಕಪ್ಪು ಮಾಂಸದ ಮೀನುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಹಿಡಿದ ಕೂಡಲೇ ಐಸಿಗೆ ಹಾಕದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಸೇರಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ತುಟಿ, ನಾಲಿಗೆಯಲ್ಲಿ ಮಸಾಲೆಗೆ ಸಂಬಂಧವಿಲ್ಲದ ಚುರುಗುಟ್ಟುವಿಕೆ, ಕರಿಮೆಣಸು ಕಚ್ಚಿದಂಥ ಉರಿ ಬಂದರೆ ಅಲ್ಲಿಗೇ ನಿಲ್ಲಿಸಿ. ಒಂದು ಗಂಟೆಯೊಳಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು, ಎದೆಬಡಿತ ಕಾಣಿಸಿದರೆ ‘ಖಾರ ಜಾಸ್ತಿಯಾಯಿತು’ ಎಂದು ಸುಮ್ಮನಿರದೆ ವೈದ್ಯರ ಬಳಿ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ ಒಂದು ನಿಮಿಷವೂ ಕಾಯಬೇಡಿ. ಮರುವಾಯಿ ಸುಕ್ಕದಲ್ಲಿ ಬೆಂದ ಮೇಲೂ ಚಿಪ್ಪು ಬಾಯಿ ತೆರೆಯದೆ ಉಳಿದದ್ದನ್ನು ಬಲವಂತವಾಗಿ ತೆರೆದು ತಿನ್ನಬೇಡಿ.

ಘೀ ರೋಸ್ಟ್, ಕಬಾಬ್‌ನ ಕೆಂಪು ಬ್ಯಾಡಗಿ ಮೆಣಸಿನಿಂದ ಬಂದಿದ್ದರೆ ಅದು ಇಟ್ಟಿಗೆಯ ಕಡುಗೆಂಪು, ಸೋಪಿಗೆ ಬೆರಳಿನಿಂದ ಹೋಗುತ್ತದೆ. ಹೊಳೆಯುವ ಕೆಂಪು ಬೆರಳಲ್ಲೇ ಉಳಿದರೆ ಕೃತಕ ಬಣ್ಣ. ಕಬಾಬ್ ಮತ್ತು ಮೀನಿನ ತಿನಿಸುಗಳಲ್ಲಿ ಅಂಥ ಬಣ್ಣವನ್ನು ರಾಜ್ಯ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧಿಸಿದೆ.

ಸಸ್ಯಾಹಾರಿಗಳು ಹುಡುಕುವಾಗ

ಮೇಲಿನ ಹಂತಗಳೇ ನಡೆಯುತ್ತವೆ, ಗುರುತುಗಳು ಬೇರೆ. ಮಸಾಲೆದೋಸೆ ಎಲ್ಲ ಕಡೆ ಇರುವುದರಿಂದ ಅದರಿಂದ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಸಜ್ಜಿಗೆ-ಬಜಿಲ್ ಉಂಟಾ ಎಂದು ಕೇಳಿ. ಸಜ್ಜಿಗೆ ಅಂದರೆ ಉಪ್ಪಿಟ್ಟು, ಬಜಿಲ್ ಅಂದರೆ ಮಸಾಲೆ ಬೆರೆಸಿದ ಅವಲಕ್ಕಿ. ಎರಡನ್ನೂ ಒಂದೇ ತಟ್ಟೆಯಲ್ಲಿ ಕೊಡುವ ಹೋಟೆಲ್ ಊರವರದ್ದು. ಹಲಸಿನ ಎಲೆಯ ಕೊಟ್ಟೆಯಲ್ಲಿ, ಮುಂಡುಗದ ಎಲೆ ಸುತ್ತಿದ ಮೂಡೆಯಲ್ಲಿ ಕಡುಬು ಬಂದರೆ ಎಲೆ ಬಿಡಿಸದೆಯೇ ಮೇಜಿಗೆ ತರಲು ಹೇಳಿ. ಎಲೆಯ ಪರಿಮಳ ಬಿಡಿಸಿದ ಕೂಡಲೇ ಹಾರಿಹೋಗುತ್ತದೆ. ಹಬ್ಬದ ಹಿಂದೆಮುಂದೆ, ವಾರಾಂತ್ಯದಲ್ಲಿ ಇವು ಸಿಗುವುದು ಹೆಚ್ಚು, 9 ಗಂಟೆಗೆ ಮುಗಿದಿರುವುದೂ ಹೆಚ್ಚು. ಸಂಜೆ ಗೋಳಿಬಜೆಗೆ ‘ಬಿಸಿ ಉಂಟಾ?’ ಎಂದಲ್ಲ, ‘ಮುಂದಿನ ಬಾಣಲೆ ಎಷ್ಟು ಹೊತ್ತಿಗೆ?’ ಎಂದು ಕೇಳಿ. ಮೊದಲ ಪ್ರಶ್ನೆಗೆ ಯಾವಾಗಲೂ ‘ಉಂಟು’ ಎಂದೇ ಉತ್ತರ.

ಮೀನು ಹುರಿದ ಕಾವಲಿಯ ಪ್ರಶ್ನೆ ಇರುವವರು ‘ವೆಜ್-ನಾನ್‌ವೆಜ್’ ಹೋಟೆಲುಗಳನ್ನು ಬಿಟ್ಟು ಶುದ್ಧ ಸಸ್ಯಾಹಾರಿ ಹೋಟೆಲಿಗೇ ಹೋಗಿ. ಮೀನಿನ ಹೋಟೆಲಲ್ಲಿ ಪಲ್ಯಕ್ಕೆ ಒಣಸಿಗಡಿ ಹಾಕುವುದೂ ಉಂಟು, ಅದು ಕಣ್ಣಿಗೆ ಬೀಳುವುದಿಲ್ಲ.

ಎಲ್ಲ ಮಾಡಿಯೂ ತಪ್ಪಿದರೆ

ಹೋಟೆಲ್ ಮುಚ್ಚಿದೆ, ಅಥವಾ ಹೋಗುವಾಗಲೇ 2.30 ದಾಟಿದೆ. ಆಗ ಹತ್ತಿರದ ಇನ್ನೊಂದು ಮೀನಿನ ಹೋಟೆಲಿಗೆ ಓಡಬೇಡಿ, ಅಲ್ಲಿಯೂ ಅದೇ ಉಳಿಕೆ. ಅಲ್ಲೇ ಯಾವುದಾದರೂ ಸಣ್ಣ ಹೋಟೆಲಲ್ಲಿ ಗಂಜಿ ಊಟ ಇದೆಯಾ ಕೇಳಿ: ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ. ಹೊಟ್ಟೆ ಹಗುರ ಉಳಿಯುತ್ತದೆ, 4 ಗಂಟೆಗೆ ಗೋಳಿಬಜೆ ಆಗುತ್ತದೆ, 7.30ಕ್ಕೆ ಕೋರಿ ರೊಟ್ಟಿಗೆ ಹಸಿವೂ ಇರುತ್ತದೆ. ರಾತ್ರಿ ಒಳ್ಳೆಯ ಕೋಳಿ ಅಡುಗೆ ಇರುವ ಜಾಗಗಳಲ್ಲಿ ಹಲವು ಬಾರ್ ಆ್ಯಂಡ್ ರೆಸ್ಟೋರೆಂಟ್‌ಗಳು. ಮಕ್ಕಳು, ಹಿರಿಯರು ಜೊತೆಗಿದ್ದರೆ ಬೇರೆ ಫ್ಯಾಮಿಲಿ ರೂಂ ಉಂಟಾ ಎಂದು ಮೊದಲೇ ಫೋನಿನಲ್ಲಿ ಕೇಳಿ, ಇಲ್ಲದಿದ್ದರೆ ಪಾರ್ಸೆಲ್ ತನ್ನಿ. ಪಾರ್ಸೆಲ್ ಆದರೆ ರೊಟ್ಟಿ ಮತ್ತು ಗಸಿಯನ್ನು ಬೇರೆ ಬೇರೆ ಕಟ್ಟಲು ಹೇಳಿ.

ಮರುದಿನಕ್ಕೆ ಚೀಟಿಯ ಎರಡನೆಯ ಹೆಸರು ಹಿಡಿಯಿರಿ. ಬೆಳಿಗ್ಗೆ 10.30ಕ್ಕೆ ಫೋನ್ ಮಾಡಿ ‘ಇವತ್ತು ಯಾವ ಮೀನು ಉಂಟು, ಊಟ ಎಷ್ಟು ಗಂಟೆಗೆ ಶುರು?’ ಎಂದು ಕೇಳಿ, ಶುರುವಾಗಿ ಹದಿನೈದು ನಿಮಿಷಕ್ಕೆ ಅಲ್ಲಿರಿ.